ಸಮುದ್ರ ಸಾಧಾರಣ

ಆಗೆಲ್ಲ ಸಮುದ್ರದ ಸುದ್ದಿ ಬಂದರಿಗೆ ಸಿಗುತ್ತಿದ್ದದ್ದು ಮಾವನ ಬಾಯಿಂದ. ಐಸ್ ಫ್ಯಾಕ್ಟರಿಯ ಮೇಲೊಂದು ಪುಟ್ಟ ಕೋಣೆ; ಅದರಲ್ಲೊಂದು ಮೇಜು, ಫ್ಯಾಕ್ಸ್ ಯಂತ್ರ, ಬಂದರಿನ ಸ್ಪೀಕರುಗಳಿಗೆ ಜೋಡಿಸಿದ, ಕರವಸ್ತ್ರ ಸುತ್ತಿದ ಮೈಕು. ಕೆಳಗಿನ ಮಂಜುಗಡ್ಡೆಯ ಥಂಡಿ ನೆಲದಿಂದ ಏರಿ ಬರುತ್ತಿದ್ದುದರಿಂದ ಸುಡು ಬೇಸಿಗೆಯಲ್ಲೂ ಅಲ್ಲಿ ಕಾಲ್ಚೀಲ ಹಾಕಿಕೊಂಡೇ ಕೂರಬೇಕಿತ್ತು. ಮಧ್ಯಾಹ್ನ ಮೂರೂವರೆಗೆ ಮಾವ ಮೈಕಿನ ಮುಂದೆ ಒಮ್ಮೆ ಕೆಮ್ಮಿದರೆ ಸಾಕು, ಬಲೆ ಹೆಣೆಯುವವರ ಕೈ ನಿಲ್ಲುತ್ತಿತ್ತು. ಜಗಳವಾಡುತ್ತಿದ್ದವರು ಜಗಳವನ್ನು ಅರ್ಧಕ್ಕೇ ಬಿಟ್ಟು ಕಿವಿ ನಿಮಿರಿಸುತ್ತಿದ್ದರು. ಹವಾಮಾನ ಹೇಳುವ ಮಾವ ಬಂದರಿಗೆಲ್ಲ ಹವಾಮಾವನಾಗಿದ್ದ.

ಅವನ ಅಕ್ಕನ ಮಗಳು ಅವಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಹದಿನೆಂಟಕ್ಕೆ ಆ ಕೋಣೆಯ ಕೆಲಸಕ್ಕೆ ಸೇರಿದ್ದಳು. ಹವಾಮಾನ ಕಚೇರಿಯಿಂದ ಫ್ಯಾಕ್ಸಿನಲ್ಲಿ ಬಂದ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿಡುವುದು, ಕಸ ಗುಡಿಸುವುದು, ಮಾವ ಹೇಳಿದ್ದನ್ನು ಕೆಳಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ನಾಲ್ಕು ಜನರ ಮುಂದೆ ನಿಂತರೆ ಅವಳ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ‘ಪಿಸುಮಾತು’ ಎಂದು ಸಣ್ಣ ದೋಣಿಯಲ್ಲಿ ಮೀನಿಗೆ ಹೋಗುವ ಅವಳ ಅಣ್ಣ ಇಟ್ಟ ಅಡ್ಡಹೆಸರು ಬಂದರಿಗೆಲ್ಲ ಹಬ್ಬಿತ್ತು. ಬಾಯಿ ಇಲ್ಲದಿದ್ದರೇನು, ಕಣ್ಣಿತ್ತು. ಯಾವ ದೋಣಿಯ ಹಗ್ಗ ಸವೆದಿದೆ, ಯಾರ ಇಂಜಿನ್ ಎಷ್ಟನೇ ಎಳೆತಕ್ಕೆ ಹೊತ್ತಿಕೊಳ್ಳುತ್ತದೆ ಎಂಬುದೆಲ್ಲ ಕಿಟಕಿಯಲ್ಲಿ ನಿಂತೇ ಅವಳಿಗೆ ಗೊತ್ತಾಗಿತ್ತು.

ಕಾಗದದಲ್ಲಿ ಬರುತ್ತಿದ್ದ ಭಾಷೆಯೇ ಬೇರೆ, ಮಾವ ಆಡುತ್ತಿದ್ದ ಮಾತೇ ಬೇರೆ. ಮೀಟರು, ಕಿಲೋಮೀಟರುಗಳನ್ನು ಗಡಗಡ ಓದಿ ಮುಗಿಸಿ, ಕೊನೆಗೆ ಉಸಿರು ಬಿಟ್ಟು ಹೇಳುತ್ತಿದ್ದ: “ಸಣ್ಣ ದೋಣಿಯೋರು ಹಗ್ಗ ಬಿಚ್ಚಬೇಡ್ರಪ್ಪಾ, ಕಡಲಮ್ಮಂಗೆ ಇವತ್ತು ಮೂಗಿನ ತುದೀಲಿ ಕೋಪ.” ಅಥವಾ, “ಬಿಚ್ಚಿ, ಬಿಚ್ಚಿ, ಮಗು ಹಾಗೆ ಮಲಗಿದಾಳೆ.” ಜನ ಕಾಯುತ್ತಿದ್ದುದು ಆ ಕೊನೆಯ ಮಾತಿಗೆ. ಮೊದಲಿನ ಅಂಕಿಗಳು ಯಾರ ಕಿವಿಗೂ ಇಳಿಯುತ್ತಿರಲಿಲ್ಲ.

ಒಂದು ದಿನ ಮಾವನ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತು. ದವಡೆ ಹಲ್ಲು. ಮೂರು ಗಂಟೆಗೆ ಕಾಗದವನ್ನು ಅವಳ ಕೈಗಿಟ್ಟು, ಬಾಯನ್ನು ಒಂದೇ ಬದಿಗೆ ತೆರೆದು ಹೇಳಿದ: “ನೀನೇ ಓದು.”

“ಮಾವಾ, ನನ್ನ ಕೈಲಾಗಲ್ಲ.”

“ಓದೋದಕ್ಕೇನು ದಾಡಿ? ಮೈಕಿಗೇನು ಕಣ್ಣಿದೆಯಾ ನಿನ್ನ ನೋಡೋಕೆ? ಇದ್ದದ್ದು ಇದ್ದ ಹಾಗೆ ಓದು. ಒಂದಕ್ಷರ ಸೇರಿಸಬೇಡ, ಒಂದಕ್ಷರ ನುಂಗಬೇಡ.” ಕೆನ್ನೆ ಹಿಡಿದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೊರಟೇಹೋದ.

ಅವಳು ಓದಿದಳು. ನೈರುತ್ಯದ ಗಾಳಿ, ಗಂಟೆಗೆ ನಲವತ್ತು ಕಿಲೋಮೀಟರು. ಅಲೆಯ ಎತ್ತರ ಎರಡೂವರೆ ಮೀಟರು. ಸಮುದ್ರದ ಸ್ಥಿತಿ ಸಾಧಾರಣ. ಕೆಳಗಿನಿಂದ ಯಾರೋ ಸಿಳ್ಳೆ ಹಾಕಿದರು. “ಅಯ್ಯೋ, ಪಿಸುಮಾತು ಮಾತಾಡ್ತು ಕಣ್ರೋ!” ಎಂದು ಇನ್ಯಾರೋ ಕೂಗಿದರು. ಅವಳು ಮೈಕು ಆರಿಸಿದಳು. ಆದರೂ ಒಳಗೊಳಗೇ ಖುಷಿ. ಒಂದಕ್ಷರ ತಪ್ಪಿರಲಿಲ್ಲ.

“ಇವತ್ತು ಸಾಧಾರಣವಂತೆ! ನಡೀರಿ, ನಡೀರಿ!” ಎಂದಿತು ಅಣ್ಣನ ದನಿ.

ಅವಳು ಕಿಟಕಿಗೆ ಓಡಿದಳು. ಸಣ್ಣ ದೋಣಿಗಳ ಹಗ್ಗ ಬಿಚ್ಚುತ್ತಿದ್ದರು. ಇಂಜಿನ್‌ಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಆಗ ಅವಳಿಗೆ ಹೊಳೆಯಿತು. ಕಾಗದಗಳನ್ನು ಜೋಡಿಸಿಟ್ಟವಳು ಅವಳೇ ಅಲ್ಲವೇ? ಈ ‘ಸಾಧಾರಣ’ ಬಂದ ದಿನಗಳಲ್ಲೆಲ್ಲ ಹಲಗೆಯ ಮೇಲೆ ‘ಸಣ್ಣ ದೋಣಿ ಬಿಚ್ಚಬೇಡಿ’ ಎಂದು ಬರೆದದ್ದು ಅವಳ ಕೈಯೇ. ಕಚೇರಿಯವರ ಸಾಧಾರಣ ಎಂದರೆ ದೊಡ್ಡ ಹಡಗಿಗೆ ಸಾಧಾರಣ. ಮಾವ ಆ ಪದವನ್ನು ಒಂದು ದಿನವೂ ಕಿಟಕಿಯಾಚೆ ದಾಟಲು ಬಿಟ್ಟಿರಲಿಲ್ಲ. ಅವಳು ದಾಟಿಸಿಬಿಟ್ಟಿದ್ದಳು.

ಕಿಟಕಿಯಿಂದ ಕೂಗಿದರೆ ಇಂಜಿನ್ ಸದ್ದಿನಲ್ಲಿ ಯಾರಿಗೆ ಕೇಳೀತು? ಗುಂಡಿ ಒತ್ತಿದಳು.

“ಅಣ್ಣಾ... ಹೋಗಬೇಡ. ಯಾರೂ ಹೋಗಬೇಡಿ. ಕಾಗದದ ಸಾಧಾರಣ ಬೇರೆ, ನಮ್ಮ ಸಾಧಾರಣ ಬೇರೆ. ಅಲೆ ಎರಡೂವರೆ ಮೀಟರಿದೆ.”

ಅಣ್ಣ ದೋಣಿಯಲ್ಲಿ ನಿಂತು ನಗುತ್ತಾ, ನೊಣ ಓಡಿಸುವವನಂತೆ ಕೈ ಬೀಸಿದ. ಉಳಿದವರೂ ನಿಲ್ಲಲಿಲ್ಲ. ಎರಡೂವರೆ ಮೀಟರು ಎಂದರೆ ಬಟ್ಟೆ ಅಂಗಡಿಯ ಮಾತು ಅವರಿಗೆ. ಅವಳ ಕಣ್ಣು ಅಣ್ಣನ ಮೇಲೇ ನೆಟ್ಟಿತ್ತು. ಇಂಜಿನ್ ಪಕ್ಕ ನಿಂತ ಕುಳ್ಳ ಅಣ್ಣ, ಮೊಣಕಾಲಿನಷ್ಟೂ ಎತ್ತರವಿಲ್ಲದ ದೋಣಿಯ ಅಂಚು.

“ಎರಡೂವರೆ ಮೀಟರ್ ಅಂದ್ರೆ,” ಎಂದಳು, ದನಿ ತನ್ನದೇ ಎಂದು ನಂಬಲಾಗದಷ್ಟು ಏರಿತು, “ನಮ್ಮಣ್ಣನ ತಲೆ ಮೇಲೆ ಇನ್ನರ್ಧ ಅಣ್ಣನ್ನ ನಿಲ್ಲಿಸಿದಷ್ಟು! ಅಟ್ಟದ ಮೇಲಿನ ಡಬ್ಬಿ ಇಳಿಸೋಕೇ ಸ್ಟೂಲ್ ಕೇಳ್ತೀಯಲ್ಲೋ, ಅಷ್ಟೆತ್ತರದ ಅಲೆ ಬಂದ್ರೆ ಅಲ್ಲಿ ಯಾರು ಸ್ಟೂಲ್ ಕೊಡ್ತಾರೋ ನಿನಗೆ?”

ಇಡೀ ಬಂದರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗುತ್ತಲೇ ಜನ ಅಣ್ಣನನ್ನು ನೋಡಿದರು, ಮನಸ್ಸಿನಲ್ಲೇ ಅವನ ಮೇಲೆ ಅರ್ಧ ಅಣ್ಣನನ್ನು ನಿಲ್ಲಿಸಿ ನೋಡಿದರು, ನಗು ಮೆಲ್ಲಗೆ ಇಳಿಯಿತು. ಒಂದು ಇಂಜಿನ್ ಆರಿತು. ಇನ್ನೊಂದು. ಬಂದರಿನ ಬಾಯಿ ತಲುಪಿದ್ದ ಎರಡು ದೋಣಿಗಳು ಸುತ್ತು ಹಾಕಿ ಹಿಂದಿರುಗಿ ಬಂದವು.

ಅಣ್ಣ ಮೆಟ್ಟಿಲು ಹಾರಿ ಬಂದ. ಕಿವಿ ಕೆಂಪಗಾಗಿತ್ತು. “ಎಲ್ಲರ ಮುಂದೆ ಮಾನ ತೆಗ್ದೆಯಲ್ಲೇ! ಮನೆ ಮಾತನ್ನ ಮೈಕಲ್ಲಿ ಹೇಳೋದಾ? ಸ್ಟೂಲಂತೆ ಸ್ಟೂಲು!”

ಅವಳ ನಾಲಿಗೆ ಮತ್ತೆ ಅಂಗುಳಿಗೆ ಅಂಟಿತ್ತು. ತಲೆ ತಗ್ಗಿಸಿ ಬೈಸಿಕೊಂಡಳು. ಅವನು ಬೈಯುತ್ತಿರುವಾಗಲೇ ಕಿಟಕಿಯ ಬಾಗಿಲು ಫಟಾರನೆ ಬಡಿದುಕೊಂಡಿತು. ಇಬ್ಬರೂ ತಿರುಗಿ ನೋಡಿದರು. ಬಂದರಿನ ಬಾಯಿಯಾಚೆ ನೀರು ಬೆಳ್ಳಗೆ ನೊರೆಗಟ್ಟುತ್ತಿತ್ತು. ಕಲ್ಲಿನ ತಡೆಗೋಡೆಗೆ ಬಡಿದ ಅಲೆ ಅದರ ಮೇಲೇ ಹಾದುಹೋಯಿತು. ಅಣ್ಣ ತಣ್ಣನೆಯ ನೆಲದ ಮೇಲೆ ಕೂತುಬಿಟ್ಟ.

“ನನ್ನ ಒಂದೂವರೆಯಷ್ಟೇನಾ?” ಎಂದ.

“ಹೂಂ,” ಎಂದಳು ಮೆಲ್ಲಗೆ. “ಒಂದೂವರೆ.”

ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ಮಾವನಿಗೂ ಸ್ಪೀಕರಿನ ಮಾತೆಲ್ಲ ಕೇಳಿಸಿತ್ತು. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಬಂದ. “ಅಕ್ಷರ ಸೇರಿಸಬೇಡ ಅಂದ್ರೆ ಅಣ್ಣನ್ನೇ ಸೇರಿಸಿದ್ಯಲ್ಲೇ!” ಎಂದು ಗದರಲು ಹೋಗಿ ನಕ್ಕ, ನೋವಿಗೆ ಕೆನ್ನೆ ಹಿಡಿದುಕೊಂಡ. ಮರುದಿನ ಹಲ್ಲಿನ ನೋವು ಇಳಿದಿದ್ದರೂ ಮೈಕನ್ನು ಅವಳ ಕಡೆಗೇ ತಳ್ಳಿದ.

ಅಲ್ಲಿಂದ ಹದಿನಾರು ವರ್ಷ ಬಂದರಿನಲ್ಲಿ ಅಲೆಯ ಅಳತೆ ಅಣ್ಣನೇ. ಅರ್ಧ ಅಣ್ಣ ಎಂದರೆ ಬಿಚ್ಚಿ. ಒಂದು ಅಣ್ಣ ಎಂದರೆ ಹುಷಾರು. ಒಂದೂವರೆ ಎಂದರೆ ಮನೆಯಲ್ಲಿರಿ. ದಾರಿಯಲ್ಲಿ ಸಿಕ್ಕವರು, “ಪಿಸುಮಾತಮ್ಮಾ, ನಾಳೆ ಎಷ್ಟಣ್ಣ?” ಎಂದೇ ಕೇಳುತ್ತಿದ್ದರು. ಮೊದಮೊದಲು ಉರಿದುಬೀಳುತ್ತಿದ್ದ ಅಣ್ಣ ಬರಬರುತ್ತಾ ಎದೆ ಸೆಟೆಸಿ ನಡೆಯತೊಡಗಿದ.

ಈಗ ಎಲ್ಲವೂ ಫೋನಿನಲ್ಲೇ ಬರುತ್ತದೆ, ಬಣ್ಣಬಣ್ಣದ ಬಾಣಗಳ ಜೊತೆಗೆ, ಮೀಟರಿನಲ್ಲಿ. ಅಣ್ಣನ ಮೊಣಕಾಲು ಹೋಗಿದೆ, ಸಮುದ್ರಕ್ಕಿಳಿಯುವುದಿಲ್ಲ. ಆದರೂ ಸಂಜೆ ಅವಳ ಮನೆಗೆ ಬಂದು, ಜಗಲಿಯಲ್ಲಿ ಕೂತು, ಫೋನನ್ನು ಅವಳ ಮುಂದೆ ಹಿಡಿಯುತ್ತಾನೆ.

“ಇವತ್ತು ನಾನೆಷ್ಟು ನೋಡೇ.”

ಅವಳು ನೋಡಿ ಲೆಕ್ಕ ಹಾಕುತ್ತಾಳೆ. “ಮುಕ್ಕಾಲು.”

“ಮುಕ್ಕಾಲೇನಾ? ಸರಿಯಾಗಿ ನೋಡೇ,” ಎನ್ನುತ್ತಾನೆ ಅಣ್ಣ, ಸ್ವಲ್ಪ ಬೇಜಾರಿನಲ್ಲಿ.