ಕಚ್ಚಾ ಹೊಲಿಗೆಯ ಪರದೆ

ಬಾಯಿಯೊಂದು ಸುಮ್ಮನಿದ್ದಿದ್ದರೆ ಟೈಲರಮ್ಮನ ಐವತ್ತೊಂದನೆಯ ವರ್ಷ ನೆಮ್ಮದಿಯಾಗಿ ಕಳೆದುಹೋಗುತ್ತಿತ್ತು. ಅಕ್ಕನ ಹೊಸ ಮನೆಯ ಖಾಲಿ ಗೋಡೆ ನೋಡಿದ್ದೇ ತಡ, "ಇಲ್ಲಿಗೆ ನಾನೇ ಒಂದು ಚಿತ್ರ ಮಾಡ್ಕೊಡ್ತೀನಿ. ಅಮ್ಮನ ಹೊಲಿಗೆ ಮಿಷನ್ನು, ಹಿಂದೆ ಕಿಟಕಿ, ಆ ನೀಲಿ ಪರದೆ," ಎಂದುಬಿಟ್ಟಳು. ಆಗ ಅವಳು ಚಿತ್ರದ ತರಗತಿಗೆ ಸೇರಿ ಲೆಕ್ಕಕ್ಕೆ ಎರಡು ಭಾನುವಾರವಾಗಿತ್ತು.

"ಪರದೆ ಹಸಿರು," ಅಂದಳು ಅಕ್ಕ.

"ನೀಲಿ."

"ನಿನಗಿಂತ ಎಂಟು ವರ್ಷ ಮೊದಲೇ ಹುಟ್ಟಿದೀನಿ ಕಣೆ. ಅಮ್ಮ ಅದನ್ನ ಹೊಲಿಯೋವಾಗ ಬಟ್ಟೆ ತುದಿ ಹಿಡ್ಕೊಂಡಿದ್ದೋಳು ನಾನು. ಹಸಿರು."

ಅಮ್ಮ ಹೋಗಿ ಆರು ವರ್ಷ. ಮಿಷನ್ನು ಯಾರದೋ ಪಾಲಾಯಿತು, ಪರದೆ ನೆಲ ಒರೆಸುವ ಬಟ್ಟೆಯಾಗಿ ಸವೆದುಹೋಯಿತು. ಆ ಕೋಣೆಯ ಒಂದು ಫೋಟೊವೂ ಇಲ್ಲ. ಇರುವುದು ಇಬ್ಬರು ಹೆಣ್ಣುಮಕ್ಕಳ ತಲೆಯೊಳಗೆ ಮಾತ್ರ. ಅಲ್ಲೂ ಬಣ್ಣ ಹೊಂದುತ್ತಿಲ್ಲ. ಅಮ್ಮ ದಿನವಿಡೀ ಕೂತಿದ್ದ ಜಾಗವನ್ನೇ ತಾನು ತಪ್ಪಾಗಿ ನೆನಪಿಟ್ಟಿದ್ದರೆ? ಈ ಯೋಚನೆ ಟೈಲರಮ್ಮನಿಗೆ ಉಗುರಿನ ಸಂದಿಯ ಸೂಜಿಯಂತೆ ಚುಚ್ಚತೊಡಗಿತು. ಮರುದಿನವೇ ಅಕ್ಕನ ಫೋನು: "ಗೋಡೆಗೆ ಮೊಳೆ ಹೊಡೆಸಿದೀನಿ. ಮುಂದಿನ ತಿಂಗಳ ಕೊನೇ ಭಾನುವಾರ ಬಾ. ಹಸಿರು ಪರದೆ ತಗೊಂಡು ಬಾ."

ತರಗತಿ ನಡೆಯುತ್ತಿದ್ದುದು ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ. ಕಲಿಸುವ ಟೀಚರ್ ಟೈಲರಮ್ಮನ ಮಗಳಿಗಿಂತ ಚಿಕ್ಕವಳು.

"ಆಂಟಿ, ಮೊದಲು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ನಾಲ್ಕು ಕಚ್ಚಾ ಚಿತ್ರ ಮಾಡ್ಕೊಳಿ. ಎಲ್ಲಿ ಏನು ಕೂರತ್ತೆ ಅಂತ ಗೊತ್ತಾಗತ್ತೆ. ಆಮೇಲೆ ಬಣ್ಣ ಬೆರೆಸಿ ಚೂರು ಚೂರು ಹಚ್ಚಿ ನೋಡಿ. ಕ್ಯಾನ್ವಾಸ್ ಕಟ್ಟಕಡೆಗೆ."

ಕಚ್ಚಾ ಅಂತೆ. ಮೂವತ್ತು ವರ್ಷದಿಂದ ಬಾಗಿಲಲ್ಲಿ ನಿಂತವರ ಭುಜದ ಅಳತೆಯನ್ನು ಕಣ್ಣಲ್ಲೇ ಹೇಳುವ ತನಗೆ ಬೆಂಕಿಪೊಟ್ಟಣ! ಟೀಚರ್ ಬೆನ್ನು ತಿರುಗಿಸಿದ್ದೇ ಟೈಲರಮ್ಮ ನೇರವಾಗಿ ಕ್ಯಾನ್ವಾಸಿಗೆ ಕೈಹಾಕಿದಳು. ಸೂಜಿಯಿಂದ ಶುರುಮಾಡಿದಳು. ಸೂಜಿಯ ಕಣ್ಣು ಬಿಡಿಸಿದಳು, ದಾರ ಪೋಣಿಸಿದಳು, ಮಿಷನ್ನಿನ ಮೈಮೇಲಿನ ಚಿನ್ನದ ಹೂವಿಗೆ ಒಂದಿಡೀ ಭಾನುವಾರ ಕೊಟ್ಟಳು. ಮೂರನೆಯ ವಾರ ಹಿಂದೆ ಸರಿದು ನೋಡಿದರೆ ಮಿಷನ್ನು ಆನೆಯ ಹಾಗೆ ಕ್ಯಾನ್ವಾಸು ತುಂಬಿ ನಿಂತಿದೆ. ಕಿಟಕಿಗೆ ಉಳಿದಿದ್ದು ಎರಡು ಬೆರಳಗಲ. ಪರದೆ ಹಾಕಬೇಕೆಂದರೆ ಪಕ್ಕದವರ ಕ್ಯಾನ್ವಾಸಿನಲ್ಲಿ ಜಾಗ ಕೇಳಬೇಕು.

ಟೀಚರ್ ಬಂದು ನಿಂತಳು. "ಆಂಟಿ, ಬಟ್ಟೆ ಸಾಲಲಿಲ್ವಾ?"

ಆ ಮಾತನ್ನು ಬೇರೆ ಯಾರಿಗಾದರೂ ಹೇಳಬಹುದಿತ್ತು.

ಹೋದ ಮಾನವನ್ನು ಬಣ್ಣದಲ್ಲಾದರೂ ಹಿಂಪಡೆಯೋಣವೆಂದು ಟೈಲರಮ್ಮ ತಟ್ಟೆಗೆ ಅರ್ಧ ಟ್ಯೂಬು ನೀಲಿ ಸುರಿದಳು. ಅವಳ ನೆನಪಿನ ನೀಲಿಯಲ್ಲಿ ಒಂಚೂರು ಹಳದಿಯ ಸುಳಿವಿತ್ತು. ಚಿಟಿಕೆ ಹಳದಿ ಹಾಕಿದಳು, ಅಲ್ಲಾಡಲಿಲ್ಲ. ಇನ್ನಷ್ಟು ಹಾಕಿದಳು, ಹಸಿರಾಯಿತು. ಅಕ್ಕ ಗೆದ್ದುಬಿಟ್ಟಳೇನೋ ಎಂದು ಗಾಬರಿಯಾಗಿ ಮತ್ತೆ ನೀಲಿ, ತಿಳಿಯಾಗಲೆಂದು ಬಿಳಿ, ಗಾಢವಾಗಲೆಂದು ಕಪ್ಪು. ಕೊನೆಗೆ ಬಟ್ಟೆ ಒಗೆದ ನೀರಿನ ಬಣ್ಣ ಬಂತು. ಅದೂ ಅಕ್ಕನ ಮನೆಗೆ ಹೊರಗಿನಿಂದ ಎರಡು ಕೋಟು ಬಳಿಯುವಷ್ಟು.

"ಹಳದಿ ತಗೊಂಡು ನೀಲಿ ಸೇರಿಸಿ ಆಂಟಿ, ಉಪ್ಪು ಹಾಕಿದ ಹಾಗೆ," ಅಂದಳು ಟೀಚರ್. "ತಿಳಿ ಬಣ್ಣದಿಂದ ಗಾಢ ಬಣ್ಣದ ಹೊಟ್ಟೆ ತುಂಬಿಸೋಕೆ ಹೋದ್ರೆ ಟ್ಯೂಬೆಲ್ಲ ಖಾಲಿ."

ಸೋಮವಾರ ಅಂಗಡಿಗೆ ಒಬ್ಬ ನರ್ಸು ಕೋಟಿನ ಬಟ್ಟೆ ತಂದಳು. ಭಾರಿ ಬಟ್ಟೆ. "ಟ್ರಯಲ್ ಅದೂ ಇದೂ ಬೇಡ, ನೇರ ಹೊಲಿದು ಕೊಟ್ಬಿಡಿ," ಅಂದಳು.

ಟೈಲರಮ್ಮ ಮೂವತ್ತು ವರ್ಷದ ಅಭ್ಯಾಸದಲ್ಲಿ ರೇಗಿದಳು. "ಆಗಲ್ಲಮ್ಮ. ಮೊದಲು ಕಚ್ಚಾ ಹೊಲಿಗೆ ಹಾಕ್ತೀನಿ, ನೀವು ಹಾಕ್ಕೊಂಡು ನೋಡ್ಬೇಕು, ಆಮೇಲೇ ಮಿಷನ್ನಿಗೆ. ತಿಳಿದೋರು ಯಾರಾದ್ರೂ ಹೀಗೆ ದುಡುಕ್ತಾರಾ?"

ನರ್ಸು ಒಪ್ಪಿಕೊಂಡು ಹೋದಳು. ತನ್ನ ಬಾಯಿಂದ ಹೊರಟ ಮಾತು ಸುತ್ತಿ ಬಂದು ತನ್ನ ಕಿವಿಗೇ ಬಿದ್ದು, ಟೈಲರಮ್ಮ ಮಾತ್ರ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಿಂತೇ ಇದ್ದಳು.

ಆ ವಾರ ಅವಳು ಆನೆಯ ಮೇಲೆ ಬಿಳಿ ಬಳಿದಳು. ನಿಜವಾದ ಬೆಂಕಿಪೊಟ್ಟಣವನ್ನೇ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ನಾಲ್ಕು ಚೌಕ ಮಾಡಿದಳು. ಮೊದಲನೆಯದರಲ್ಲಿ ಮತ್ತೆ ಆನೆ. ಎರಡು, ಮೂರರಲ್ಲಿ ಅದು ಕರಗುತ್ತ ಬಂತು. ನಾಲ್ಕನೆಯದರಲ್ಲಿ ಮಿಷನ್ನು ಮೂಲೆಗೆ ಸರಿದು ಕುರ್ಚಿಗೆ ಜಾಗ ಬಿಟ್ಟಿತು, ಪರದೆ ಮೇಲಿಂದ ಕೆಳಗಿನವರೆಗೆ ಇಳಿಯಿತು. ಅದರ ಕೆಳಗೆ ಒಂದು ಸಾಲು ಬಣ್ಣ: ಒಂಬತ್ತು ತುಂಡು, ಪ್ರತಿಯೊಂದರಲ್ಲೂ ನೀಲಿ ಒಂದು ಚಿಟಿಕೆ ಹೆಚ್ಚು, ಹಳದಿ ಅಷ್ಟು ಕಡಿಮೆ.

ಅಷ್ಟರಲ್ಲಿ ಕೊನೆಯ ಭಾನುವಾರ ಬಂದೇಬಿಟ್ಟಿತು. ಕ್ಯಾನ್ವಾಸು ಇನ್ನೂ ಬೆಳ್ಳಗೆ.

"ಜ್ವರ ಅಂತ ಹೇಳ್ಬಿಡ್ಲಾ?" ಗಂಡ ಕೇಳಿದ.

"ಬೇಡ. ನಗಿಸಿಕೊಂಡೇ ಬರ್ತೀನಿ."

ಅಕ್ಕ ಬಾಗಿಲಲ್ಲೇ ತಂಗಿಯ ಬರಿಗೈ ನೋಡಿದಳು. "ಎಲ್ಲೇ ಚಿತ್ರ?"

"ಟ್ರಯಲ್‌ಗೆ ತಂದಿದೀನಿ," ಎಂದು ಟೈಲರಮ್ಮ ಹೆಗಲ ಚೀಲದಿಂದ ಆ ಹಾಳೆ ತೆಗೆದಳು.

ಅಕ್ಕ ಕನ್ನಡಕ ಹಾಕಿಕೊಂಡಳು. ನಾಲ್ಕನೆಯ ಚೌಕದ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ನಗಲಿಲ್ಲ. ಆಮೇಲೆ ಬಣ್ಣದ ಸಾಲಿಗೆ ಬಂದು ಎರಡನೆಯ ತುಂಡಿನ ಮೇಲೆ ಬೆರಳಿಟ್ಟಳು. "ಇದು. ಹಸಿರು."

ಟೈಲರಮ್ಮ ಏಳನೆಯದರ ಮೇಲೆ ಬೆರಳಿಟ್ಟಳು. "ಇದು."

ಇಬ್ಬರೂ ಬೆರಳು ತೆಗೆಯಲಿಲ್ಲ. ನಡುವೆ ನಾಲ್ಕೇ ತುಂಡು. ಆ ನಾಲ್ಕನ್ನು ನೋಡುತ್ತ ನೋಡುತ್ತ ಟೈಲರಮ್ಮನಿಗೆ ತನ್ನ ಅಂಗಡಿಯ ಗಾಜಿನ ಹಿಂದೆ ಬಿಸಿಲಿಗಿಟ್ಟ ಹಸಿರು ಬಟ್ಟೆ ನೆನಪಾಯಿತು. ಪ್ರತಿ ವರ್ಷ ಅದರ ಅಂಚು ನೀಲಿಗೆ ತಿರುಗುತ್ತಿತ್ತು, ಪ್ರತಿ ವರ್ಷ ಅವಳು ಬಟ್ಟೆ ಕೊಟ್ಟವನಿಗೆ ಬೈಯುತ್ತಿದ್ದಳು.

"ಅಕ್ಕ, ಅಮ್ಮನ ಪರದೇಲಿ ಬಿಸಿಲಿಗೆ ಮೊದಲು ಹೋಗಿದ್ದು ಹಳದಿ."

"ಹಾಗಂದ್ರೆ?"

"ನೀನು ಹೊಸದು ನೋಡಿದೀಯ. ನಾನು ಹುಟ್ಟಿ, ಬುದ್ಧಿ ಬಂದು ನೋಡೋ ಹೊತ್ತಿಗೆ ಮಾಸಿತ್ತು."

ಅಕ್ಕ ಒಂದು ತುಂಡಿನಿಂದ ಇನ್ನೊಂದಕ್ಕೆ ನಿಧಾನವಾಗಿ ಬೆರಳು ಸರಿಸುತ್ತ ಏಳನೆಯದರವರೆಗೆ ಬಂದು, ತಂಗಿಯ ಬೆರಳಿಗೆ ತಾಗಿಸಿ ನಿಂತಳು. "ಹಾಗಾದ್ರೆ ನಾನು ಹೇಳಿದ್ದೇ ಸರಿ."

"ನೆರಿಗೆ ಒಳಗೆ ಹಸಿರು ಹಾಕ್ತೀನಿ, ಬಿಸಿಲು ಬೀಳೋ ಕಡೆ ನೀಲಿ. ಈಗಾದ್ರೂ ಬಾಯಿ ಮುಚ್ಕೊಂಡಿರ್ತೀಯಾ?"

ಅಕ್ಕ ಎದ್ದು ಹೋಗಿ ಹಾಳೆಯನ್ನು ಗೋಡೆಯ ಮೊಳೆಗೆ ಚುಚ್ಚಿದಳು.

"ಅಯ್ಯೋ, ಅದು ಕಚ್ಚಾ ಕಣೆ. ಅಂಚೂ ನೆಟ್ಟಗಿಲ್ಲ. ಒಂದು ಕತ್ತರಿ ಕೊಡು, ಸರಿಮಾಡ್ತೀನಿ."

"ಮುಟ್ಟಿದ್ರೆ ನೋಡು. ಚಿತ್ರ ಬರೋವರೆಗೂ ಇದು ಇಲ್ಲೇ ಇರತ್ತೆ."

ಟೈಲರಮ್ಮ ಕೈಕಟ್ಟಿ ನಿಂತಳು. ಮೂವತ್ತು ವರ್ಷದಲ್ಲಿ ಕಚ್ಚಾ ದಾರ ಕಾಣುವ ಹಾಗೆ ಅವಳ ಕೈಯಿಂದ ಆಚೆ ಹೋದ ಮೊದಲ ಕೆಲಸ ಇದು. ಅಕ್ಕ ಅದನ್ನು ನಡುಮನೆಯಲ್ಲೇ ತೂಗುಹಾಕಿದ್ದಳು.