ಎಂಟುನೂರರ ಗೆರೆ

ನನಗೆ ಬಾಯಿ ಜಾಸ್ತಿ. ಕಂಡವರೆಲ್ಲ ಹೇಳುತ್ತಾರೆ, ನಾನೂ ಇಲ್ಲ ಎನ್ನುವುದಿಲ್ಲ. ಆದರೆ ಈ ಹಾಳು ಬಾಯಿ ಒಂದೇ ಒಂದು ಸಲ ಸರಿಯಾದ ಮಾತಾಡಿತು ನೋಡಿ, ಅವತ್ತೇ ನನ್ನ ಮನೆಗೆ ಕಲ್ಲು ಬಿತ್ತು.

ನಮ್ಮದು ಬೂಟಿನ ಡಬ್ಬಿ ಮಾಡುವ ಕಾರ್ಖಾನೆ. ಕಾರ್ಖಾನೆ ಅಂದರೆ ಏನು ಮಹಾ, ಒಂದು ಉದ್ದನೆಯ ಕೋಣೆ, ರಟ್ಟು ಕತ್ತರಿಸುವ ಒಂದು ಯಂತ್ರ, ಅಂಟು ಹಚ್ಚುವ ಒಂದು ಮೇಜು, ಗೋಡೆಯುದ್ದಕ್ಕೂ ಡಬ್ಬಿ ಒಣಗಿಸುವ ಹಲಗೆಗಳು. ಯಂತ್ರದ ಮುಂದೆ ನಾನು, ಮೇಜಿನ ಸುತ್ತ ಚಿಕ್ಕಮ್ಮ ಮತ್ತು ಮೂವರು ಹೆಂಗಸರು. ನಮ್ಮ ಬೀದಿಯಲ್ಲೇ ಇಂಥ ಹನ್ನೊಂದು ಕಾರ್ಖಾನೆಗಳಿವೆ. ಡಬ್ಬಿಗೆ ಹತ್ತು ರೂಪಾಯಿ ಎಂದರೆ ಹತ್ತೇ. ಹತ್ತೂಕಾಲು ಕೇಳಿದರೆ ವ್ಯಾಪಾರಿ ತುಟಿಪಿಟಕ್ಕೆನ್ನದೆ ಪಕ್ಕದ ಬಾಗಿಲಿಗೆ ಹೋಗುತ್ತಾನೆ. ಬೆಲೆ ನಮ್ಮ ಕೈಯಲ್ಲಿಲ್ಲ. ಎಷ್ಟು ಮಾಡಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಅದನ್ನೂ ಅಪ್ಪ ನಮಗೆ ಬಿಟ್ಟಿರಲಿಲ್ಲ. ಕತ್ತರಿಸಿದ ರಟ್ಟನ್ನು ನಾನು ಬಾಗಿಲ ಪಕ್ಕದ ಗೋಡೆಗೆ ತಾಗಿಸಿ ಪೇರಿಸುತ್ತೇನೆ. ಆ ಗೋಡೆಯ ಮೇಲೆ, ನನ್ನ ಹಣೆಯ ಎತ್ತರಕ್ಕೆ, ಅಪ್ಪ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದ. ರಾಶಿ ಗೆರೆ ಮುಟ್ಟಿದರೆ ಎಂಟುನೂರು ಡಬ್ಬಿಯ ರಟ್ಟು. ಅಲ್ಲಿಗೆ ಅವತ್ತಿನ ಮಟ್ಟಿಗೆ ಯಂತ್ರ ಬಂದ್. ಗೆರೆ ಮಾಸಿದಾಗೆಲ್ಲ ಮತ್ತೆ ತೀಡುತ್ತಿದ್ದ. ಯಾಕೆ ಎಂದು ಕೇಳಿದರೆ, "ಹೇಳಿದಷ್ಟು ಮಾಡು, ತಲೆ ತಿನ್ನಬೇಡ" ಅನ್ನುತ್ತಿದ್ದ.

ಅಪ್ಪ ಹೋದ ಮೇಲೆ ಕಾರ್ಖಾನೆ ತಮ್ಮನ ಕೈಗೆ ಬಂತು. ಬಂದ ವಾರವೇ ಒದ್ದೆ ಬಟ್ಟೆ ತಂದು ಗೆರೆ ಒರೆಸಿದ.

"ಡಬ್ಬಿಗೆ ಏಳು ಖರ್ಚು, ಹತ್ತಕ್ಕೆ ಮಾರ್ತೀವಿ, ಮೂರು ಉಳಿಯುತ್ತೆ. ಎಂಟುನೂರರ ಬದಲು ಸಾವಿರದ ಇನ್ನೂರು ಮಾಡಿದ್ರೆ ಮೂರು ಸಾವಿರದ ಆರುನೂರು! ಅಪ್ಪಂಗೆ ಸೋಮಾರಿತನ ಕಣೇ ಅಕ್ಕ, ಇನ್ನೇನಿಲ್ಲ."

ಮೈಯೆಲ್ಲ ಉರಿಯಿತು. ಆದರೂ ಸುಮ್ಮನಾದೆ, ಯಾಕೆಂದರೆ ಎರಡನೇ ಮೇಜು ಬಂತು. ಅದಕ್ಕೆ ಮೂವರು ಬೇಕಾದರು. ಪಕ್ಕದ ಕಾರ್ಖಾನೆಯಿಂದ ಇಬ್ಬರನ್ನು ತಮ್ಮ ಜಾಸ್ತಿ ಕೂಲಿ ಕೊಟ್ಟು ಎಳೆದುಕೊಂಡ. ಮೂರನೆಯವರು ನಮ್ಮ ಯಜಮಾನರು.

ನಮ್ಮವರು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದರು. ಅದು ಮುಚ್ಚಿ ಎರಡು ವರ್ಷ. ಆ ಎರಡು ವರ್ಷ ಅವರು ಹಾಸಿಗೆಯ ಅಂಚಿನಲ್ಲಿ ಗಡ್ಡ ಬಿಟ್ಟುಕೊಂಡು ಕೂತರು. ಹಳೇ ಪತ್ರಿಕೆಗಳಲ್ಲಿ ತಪ್ಪು ಹುಡುಕಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು, ಯಾರಿಗೆ ತೋರಿಸುವುದಕ್ಕೋ. ಮಾತಾಡಿಸಿದರೆ ಹ್ಞೂಂ, ಉಹ್ಞೂಂ, ಅಷ್ಟೇ. ಎರಡನೇ ಮೇಜಿಗೆ ಕರೆ ಬಂದ ದಿನ ಬೆಳಿಗ್ಗೆ ಎದ್ದು ಗಡ್ಡ ತೆಗೆದು, ತಲೆ ಬಾಚಿ, ನನ್ನ ಮುಂದೆ ಬಂದು ನಿಂತು, "ಈ ಅಂಗಿ ಪರವಾಗಿಲ್ವಾ?" ಎಂದು ಕೇಳಿದರು. ನಾನು ಒಲೆ ಕಡೆ ತಿರುಗಿ ಅತ್ತುಬಿಟ್ಟೆ. ಚಿಕ್ಕಮ್ಮ ಮೂರು ಡಬ್ಬಿ ಅಂಟಿಸುವಷ್ಟರಲ್ಲಿ ಇವರದು ಒಂದು. ಆದರೂ ಸಂಜೆ ಉಗುರಿನಲ್ಲಿ ಒಣಗಿದ ಅಂಟನ್ನು ಬಹುಮಾನ ಬಂದವರ ಹಾಗೆ ನನಗೆ ತೋರಿಸುತ್ತಿದ್ದರು.

ಮೂರನೇ ವಾರಕ್ಕೆ ನನಗೆ ಅಪ್ಪನ ಗೆರೆ ಅರ್ಥವಾಯಿತು. ನಮ್ಮ ಹಲಗೆಗಳಲ್ಲಿ ಹಿಡಿಸುವುದೇ ಎಂಟುನೂರು ಡಬ್ಬಿ. ಅದರ ಮೇಲೆ ಒಂದು ಹೆಚ್ಚಾದರೂ ಮಹಡಿಯ ಕೋಣೆ ಬಾಡಿಗೆಗೆ ಬೇಕು, ಡಬ್ಬಿ ಮೇಲಕ್ಕೆ ಹೊರುವವರು ಬೇಕು. ಅಲ್ಲಿ ಗಾಳಿಯಾಡದೆ ಸೊಟ್ಟಗಾದ ಡಬ್ಬಿಗಳು ವಾಪಸ್ ಬರುತ್ತವೆ. ಇವೆಲ್ಲದರ ಜೊತೆಗೆ ಆ ಜಾಸ್ತಿ ಕೂಲಿ. ಮೊದಲ ಎಂಟುನೂರಕ್ಕೆ ಏಳರಂತೆ ಖರ್ಚಾದರೆ, ಮೇಲಿನ ನಾನೂರಕ್ಕೆ ಹನ್ನೊಂದೂವರೆ. ಮಾರುವುದು ಮಾತ್ರ ಎಲ್ಲವನ್ನೂ ಹತ್ತಕ್ಕೇ.

ಮೇಲಿನ ನಾನೂರು ಎಂದರೆ ಎರಡನೇ ಮೇಜು. ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಗಂಡ ಕೂರುವ ಜಾಗ ಉಳಿದರೆ ಸಾಕಾಗಿತ್ತು, ತಮ್ಮನ ಲಾಭ ಕಟ್ಟಿಕೊಂಡು ನನಗೇನು?

ಎರಡು ತಿಂಗಳು ಹಾಗೇ ನಡೆಯಿತು. ಒಂದು ಶನಿವಾರ ಮಧ್ಯಾಹ್ನ ತಮ್ಮ ಎಲ್ಲರ ಎದುರಿಗೇ ಹೇಳಿದ, "ಯಾಕೋ ದುಡ್ಡು ಕೈಗೆ ಹತ್ತುತಾ ಇಲ್ಲ. ಮೂರನೇ ಮೇಜು ಹಾಕೋಣ, ಸಾವಿರದ ಆರುನೂರು ಮಾಡೋಣ. ಅಪ್ಪನ ಥರ ಪುಕ್ಕಲು ಬುದ್ಧಿ ಇಟ್ಕೊಂಡ್ರೆ ಉದ್ಧಾರ ಆಗಲ್ಲ."

ಪುಕ್ಕಲು ಅಂದನಲ್ಲ, ನನಗೆ ತಡೆಯಲಾಗಲಿಲ್ಲ. "ಮುಚ್ಚೋ ಬಾಯಿ!" ಎಂದೆ. ರಟ್ಟಿನ ತುಂಡೊಂದು ತೆಗೆದುಕೊಂಡು ಬರೆದೆ. "ನೋಡು, ಕಣ್ಣು ಬಿಟ್ಟು ನೋಡು. ಮೇಲಿನ ನಾನೂರಕ್ಕೆ ಬರೋದು ನಾಲ್ಕು ಸಾವಿರ, ಹೋಗೋದು ನಾಲ್ಕು ಸಾವಿರದ ಆರುನೂರು. ಎಂಟುನೂರರಲ್ಲಿ ಎರಡು ಸಾವಿರದ ನಾನೂರು ಉಳೀತಿತ್ತು. ಈಗ ಸಾವಿರದ ಎಂಟುನೂರು. ದಿನಾ ಆರುನೂರು ಮಣ್ಣುಪಾಲು! ಅಪ್ಪ ಪುಕ್ಕಲನಲ್ಲ ಕಣೋ, ನಿನಗೆ ತಲೆ ಇಲ್ಲ."

ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದ ತಮ್ಮ, ಅವತ್ತು ಹಾಕಿಕೊಂಡ. ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಎರಡನೇ ಮೇಜಿನ ಕಡೆ ನೋಡಿದ. ಅಲ್ಲಿ ನಮ್ಮವರು ಡಬ್ಬಿ ಅಂಟಿಸುತ್ತಿದ್ದರು.

"ಹಾಗಾದ್ರೆ ಆ ಮೇಜು ತೆಗೀಬೇಕು" ಎಂದ. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಭಾವನ್ನ ಮೊದಲನೇ ಮೇಜಿಗೆ ಕೂರಿಸ್ತೀನಿ. ಯಾರನ್ನ ಎಬ್ಬಿಸಲಿ? ನೀನೇ ಹೇಳು" ಎಂದ.

ಚಿಕ್ಕಮ್ಮ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಉಳಿದ ಮೂವರೂ ನೋಡಿದರು. ಇಷ್ಟುದ್ದ ಬಾಯಿ ಇಟ್ಟುಕೊಂಡು ನಾನು ಯಂತ್ರದ ಕಡೆ ತಿರುಗಿ, ಕೆಳಗೆ ಬಿದ್ದಿದ್ದ ರಟ್ಟಿನ ಚೂರು ಆಯತೊಡಗಿದೆ.

ನಮ್ಮವರು ಎದ್ದು ಬಂದರು. ತಮ್ಮನ ಕೈಯಿಂದ ರಟ್ಟು ತೆಗೆದುಕೊಂಡು, ಕಿವಿಯ ಮೇಲಿದ್ದ ಪೆನ್ಸಿಲಿನ ತುದಿ ಹಿಡಿದು ಒಂದೊಂದೇ ಸಾಲು ಓದಿದರು. ಕೊನೆಯಲ್ಲಿ ಸಣ್ಣದಾಗಿ ಸರಿ ಗುರುತು ಹಾಕಿದರು.

"ತಪ್ಪಿಲ್ಲ" ಎಂದರು. "ಯಾರನ್ನೂ ಎಬ್ಬಿಸೋದು ಬೇಡ."

ಸೀಮೆಸುಣ್ಣ ಎಲ್ಲಿದೆ ಎಂದು ಅವರೇ ಕೇಳಿ ತೆಗೆದುಕೊಂಡರು. ಹಳೇ ಗೆರೆಯ ಕಲೆ ಇನ್ನೂ ಇತ್ತು. ಅದರ ಮೇಲೇ ನಿಧಾನವಾಗಿ, ನೇರವಾಗಿ ಎಳೆದರು. ಆಮೇಲೆ ತಾವು ಅಂಟು ಹಚ್ಚುತ್ತಿದ್ದ ಬ್ರಷ್ಷನ್ನು ತೊಳೆದು ಎಲ್ಲರ ಬ್ರಷ್ಷಿನ ಜೊತೆ ಇಟ್ಟರು.

ಸೋಮವಾರ ಬೆಳಿಗ್ಗೆ ಅಭ್ಯಾಸಬಲದಿಂದ ಎದ್ದು ಗಡ್ಡ ತೆಗೆದು ಅದೇ ಅಂಗಿ ಹಾಕಿಕೊಂಡರು. ಗುಂಡಿ ಹಾಕುತ್ತ ಹಾಕುತ್ತ ನೆನಪಾಯಿತು ಅನ್ನಿಸುತ್ತದೆ, ಹಾಸಿಗೆಯ ಅಂಚಿನಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತು, "ಬರ್ತೀನಿ" ಎಂದೆ.

"ಇವತ್ತು ಎಷ್ಟು?" ಎಂದು ಕೇಳಿದರು.

"ಎಂಟುನೂರು."

"ಸರಿಯಾಗಿದೆ" ಎಂದರು, ಹಳೇ ಪತ್ರಿಕೆಗೆ ಕೈ ಚಾಚುತ್ತ.