ಖಾಲಿ ಉಳಿದ ಆರು ಮನೆ

ಬಿಳೇಹಕ್ಲು ಪಂಚಾಯ್ತಿ ಕ್ಷೇತ್ರದ ಚುನಾವಣಾ ಚರಿತ್ರೆ ಪೂರ್ತಿಯಾಗಿ ಇದ್ದದ್ದು ತಿಮ್ಮಜ್ಜಿಯ ಬುಟ್ಟಿಯ ಮೇಲೆ ಮಾತ್ರ. ಭೂಮಿ ಹುಣ್ಣಿಮೆಯ ದಿನ ಬಸುರಿ ಗದ್ದೆಗೆ ಬಯಕೆಯ ಊಟ ಹೊತ್ತೊಯ್ಯುವ ಬಿದಿರಿನ ಬುಟ್ಟಿ ಅದು. ಪ್ರತಿವರ್ಷ ಹುಣ್ಣಿಮೆಗೆ ನಾಲ್ಕೈದು ದಿನವಿರುವಾಗ ಅಜ್ಜಿ ಅದಕ್ಕೆ ಹೊಸದಾಗಿ ಕೆಮ್ಮಣ್ಣು ಬಳಿಯುತ್ತಿದ್ದಳು. ನೆನೆಸಿದ ಅಕ್ಕಿಯನ್ನು ರುಬ್ಬಿದ ಬಿಳಿ ಬಣ್ಣದಲ್ಲಿ ಪುಂಡಿನಾರಿನ ಕುಂಚ ಅದ್ದಿ ಚಿತ್ತಾರ ಬರೆಯುತ್ತಿದ್ದಳು. ಬೇರೆಯವರ ಬುಟ್ಟಿಯಲ್ಲಿರುವ ಭತ್ತದ ಸಸಿ, ಕಣಜ, ಎತ್ತುಗಾಡಿ ಎಲ್ಲವೂ ಅವಳದ್ದರಲ್ಲೂ ಇದ್ದವು. ಆದರೆ ಬುಟ್ಟಿಯ ಕಂಠದ ಸುತ್ತ ಅವಳದೇ ಆದ ಏಳು ಚೌಕಗಳಿದ್ದವು. ಚೌಕಕ್ಕೆ ಅವಳು ಮನೆ ಎನ್ನುತ್ತಿದ್ದಳು. ಮೊದಲ ಮನೆಯಲ್ಲಿ ಒಂದು ಏಣಿ. ಉಳಿದ ಆರು ಖಾಲಿ.

ಮೊಮ್ಮಗಳು ತನುಜಾ ಆ ಏಣಿಯ ಕತೆ ಕೇಳಿಕೊಂಡೇ ದೊಡ್ಡವಳಾದಳು. ಉಳಿದ ಮಕ್ಕಳಿಗೆ ಏಳು ಸಮುದ್ರದಾಚೆಯ ರಾಜಕುಮಾರಿ ಸಿಕ್ಕರೆ ಇವಳಿಗೆ ಸಿಕ್ಕಿದ್ದು ಎಂಬತ್ತೇಳನೇ ಇಸವಿಯ ಮಂಡಲ ಪಂಚಾಯ್ತಿ. ಹೆಂಗಸರಿಗೂ ಜಾಗ ಉಂಟೆಂದು ಸರ್ಕಾರ ಹೇಳಿದ ವರ್ಷ ಅದು. ಊರಿನ ಹಿರಿಯರು ದೊಡ್ಡ ಮನೆತನದ ಒಬ್ಬ ಮುದುಕಿಯ ಹೆಸರು ಬರೆಸಿ ಬಂದಿದ್ದರು. ಆಗ ಕಡೆಯ ಮಗು ಇನ್ನೂ ಎಳೆಯದಾಗಿದ್ದ ತಿಮ್ಮಿ, ಯಾರನ್ನೂ ಕೇಳದೆ, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದೇ ಹೋಗಿ ತನ್ನ ಹೆಸರನ್ನೂ ಬರೆಸಿದಳು. ಚಿಹ್ನೆ ಏಣಿ ಬಂತು. ಓದು ಬಾರದ ಊರಿಗೆ ಅದನ್ನು ವಿವರಿಸಿ ಹೇಳುವುದೇಕೆಂದು ಹುಲ್ಲುಬಣವೆಯ ಬಿದಿರೇಣಿಯನ್ನೇ ಹೆಗಲಿಗಿಟ್ಟು ಮನೆಮನೆ ತಿರುಗಿದಳು. ಗೆದ್ದದ್ದು ನಾಲ್ಕು ವೋಟಿನಿಂದ. ವರ್ಷಕ್ಕೊಂದು ಸಲ ಹೇಳುವಾಗ ಕತೆಯಲ್ಲಿ ಏಣಿ ಒಂದೊಂದು ಮೆಟ್ಟಿಲು ಉದ್ದವಾಗುತ್ತಿತ್ತು. ದಾರಿಯಲ್ಲಿ ಅಡ್ಡ ಬಂದ ಕಾಡುಕೋಣ ಆನೆಯಾಗುತ್ತಿತ್ತು. ನಾಲ್ಕು ವೋಟು ಮಾತ್ರ ಯಾವತ್ತೂ ಐದಾಗಲಿಲ್ಲ.

ಖಾಲಿ ಮನೆಗಳ ಕತೆಯನ್ನು ಅಜ್ಜಿ ಹೇಳುತ್ತಿದ್ದುದು ಕಡಿಮೆ. ಮುಂದಿನ ಚುನಾವಣೆ ಬರುವಷ್ಟರಲ್ಲಿ ಊರು ಬುದ್ಧಿ ಕಲಿತಿತ್ತು. ಜಗಳ ಬೇಡ, ಒಮ್ಮತ ಸಾಕು, ಚೌಡಮ್ಮನನ್ನೇ ಕೇಳೋಣ ಎಂದರು ಹಿರಿಯರು. ಬನದಲ್ಲಿರುವ ಚೌಡಿಯ ಕಲ್ಲಿಗೆ ಅಡಿಕೆ ಹಿಂಗಾರದ ಎಸಳನ್ನು ನೀರು ಮುಟ್ಟಿಸಿ ಎರಡೂ ಬದಿಗೆ ಅಂಟಿಸಿ, ಆಗಬಹುದಾದರೆ ಬಲಕ್ಕೆ ಕೊಡು, ಬೇಡವಾದರೆ ಎಡಕ್ಕೆ ಕೊಡು ಎಂದು ಕೇಳುವುದು. ಮದುವೆಗೆ, ಬಾವಿ ತೋಡುವುದಕ್ಕೆ, ಕಳೆದ ಎಮ್ಮೆಗೆ ಕೇಳುತ್ತಿದ್ದ ಪ್ರಸಾದವನ್ನು ಪಂಚಾಯ್ತಿಗೂ ಕೇಳಿದರು. ಆಗ ಮೀಸೆ ಚಿಗುರಿ ಹತ್ತು ವರ್ಷವಾಗಿದ್ದ ಕೆರಿಯಪ್ಪನ ಹೆಸರಿಗೆ ಬಲಕ್ಕೆ ಬಿತ್ತು. ಮರು ಸಲವೂ ಬಿತ್ತು. ಮಹಿಳಾ ಮೀಸಲು ಬಂದಾಗ ಅವನ ಹೆಂಡತಿಗೆ ಬಿತ್ತು, ಇನ್ನೊಮ್ಮೆ ತಮ್ಮನಿಗೆ. ಆರು ಚುನಾವಣೆ, ಆರೂ ಅವಿರೋಧ.

"ಚೌಡಿ ಆ ಮನೆ ಬಿಟ್ಟು ಬೇರೆ ನೋಡಲ್ವಾ ಅಜ್ಜಿ?" ಎಂದು ತನುಜಾ ಸಣ್ಣವಳಿದ್ದಾಗ ಕೇಳಿದ್ದಳು.

"ಕೇಳೋದೇ ಒಂದು ಹೆಸರು ಕೂಸೆ. ಎಡಕ್ಕೆ ಬಿದ್ರೆ ನಾಳೆ ಮತ್ತೆ ಕೇಳ್ತಾರೆ, ಬಲಕ್ಕೆ ಬೀಳೋತನಕ. ಪಾಪ, ಅವಳಾದ್ರೂ ಎಷ್ಟು ದಿನ ತಡೀತಾಳೆ."

ಈ ಒಮ್ಮತದ ಬಗ್ಗೆ ಬಿಳೇಹಕ್ಲಿಗೆ ಬಹಳ ಹೆಮ್ಮೆಯಿತ್ತು. ಪಕ್ಕದ ಊರುಗಳಲ್ಲಿ ವೋಟಿನ ಸಲುವಾಗಿ ಅಣ್ಣತಮ್ಮಂದಿರು ಬೇಲಿ ಹಾಕಿಕೊಂಡಾಗ ಇವರು ಮೀಸೆ ತಿರುವುತ್ತಿದ್ದರು. ಆ ಹೆಮ್ಮೆಯ ಬೆಲೆ ತನುಜಾಳಿಗೆ ಗೊತ್ತಾದದ್ದು ಈ ವರ್ಷ. ಸಿದ್ದಾಪುರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಕೈಗೆ ಒಂದು ಮಧ್ಯಾಹ್ನ ನಕಲು ತೆಗೆಯಲು ಬಂದ ಕಾಗದಗಳಲ್ಲಿ ಕ್ಷೇತ್ರ ಮರುವಿಂಗಡಣೆಯ ಕರಡೂ ಇತ್ತು. ಅದರಲ್ಲಿ ಬಿಳೇಹಕ್ಲು ಕ್ಷೇತ್ರವೇ ಇರಲಿಲ್ಲ. ಹೊಳೆಯಾಚೆಯ ಮೇಲಿನಸರ ಕ್ಷೇತ್ರಕ್ಕೆ ಅದನ್ನು ಸೇರಿಸಿದ್ದರು. ಯಂತ್ರದ ಬೆಳಕು ಕಾಗದದ ಕೆಳಗೆ ಆ ಕಡೆಯಿಂದ ಈ ಕಡೆಗೆ ಹೋಯಿತು, ಇಪ್ಪತ್ತು ಪ್ರತಿ ಬಂತು, ಇಪ್ಪತ್ತರಲ್ಲೂ ಅವಳ ಊರು ಇರಲಿಲ್ಲ.

ಆಕ್ಷೇಪಣೆ ಬರೆದುಕೊಂಡು ಹೋದಳು. ವಿಚಾರಣೆಯಲ್ಲಿ ಕೂತ ಅಧಿಕಾರಿ ಕೆಟ್ಟವರೇನಲ್ಲ. ಕೂರಿಸಿ, ನೀರು ಕೊಡಿಸಿ, ಕಡತ ತಿರುಗಿಸಿ ತೋರಿಸಿದರು. ಬಿಳೇಹಕ್ಲಿನಲ್ಲಿ ನೂರನಲವತ್ತು ಮತದಾರರು, ಅಷ್ಟಕ್ಕೆ ಬೇರೆ ಕ್ಷೇತ್ರ ಉಳಿಸುವುದು ಕಷ್ಟ. ಆದರೂ ನೋಡಬಹುದಿತ್ತು. ಹೀಗೆಂದವರು ಬೆರಳಿಟ್ಟು ಓದಿದರು: ಮತದಾನ ನಡೆದಿಲ್ಲ, ಮತದಾನ ನಡೆದಿಲ್ಲ, ಮತದಾನ ನಡೆದಿಲ್ಲ. ಆರು ಸಲ. ಮೂವತ್ತು ವರ್ಷಕ್ಕೂ ಮಿಕ್ಕಿ ಯಾರೂ ವೋಟು ಹಾಕದ ಕ್ಷೇತ್ರ ಬೇಕೆಂದು ಯಾವ ಬಾಯಲ್ಲಿ ಹೇಳುತ್ತೀರಿ ಎಂದು ಅವರು ಕೇಳಲಿಲ್ಲ. ಅಜ್ಜಿಯ ಬುಟ್ಟಿಯ ಆರು ಖಾಲಿ ಮನೆಗಳು ಸರ್ಕಾರಿ ಮೊಹರು ಒತ್ತಿಸಿಕೊಂಡು ಎದುರಿಗೆ ಕೂತಿದ್ದವು.

ಹೀಗೆ ಬಿಳೇಹಕ್ಲು ಮಾಜಿ ಕ್ಷೇತ್ರವಾಯಿತು. ಊರಿನಲ್ಲಿ ಯಾರೂ ಅಳಲಿಲ್ಲ. ಕೆರಿಯಪ್ಪನಂತೂ ಚುನಾವಣೆ ಘೋಷಣೆಯಾದ ವಾರದಲ್ಲೇ ಹೊಳೆ ದಾಟಿ ಹೋಗಿ ಬಂದ. ಮೇಲಿನಸರದ ವೆಂಕಟ್ರಮಣ ನಿಲ್ಲುವುದು, ಅವನ ಎದುರು ಯಾರೂ ನಿಲ್ಲದಿರುವುದು, ಬಿಳೇಹಕ್ಲಿನ ಒಮ್ಮತಕ್ಕೆ ತಾನೇ ಹೊಣೆ ಎಂದು ಮಾತು ಕೊಟ್ಟು ಬಂದಿದ್ದ. ಸಲ್ಲಿಕೆಯ ಗಡುವು ಮುಗಿದು ಪಂಚಾಯ್ತಿ ಕಚೇರಿಯ ಗೋಡೆಗೆ ನಾಮಪತ್ರಗಳ ಪಟ್ಟಿ ಅಂಟಿಸಿದಾಗ ಅದರಲ್ಲಿ ಎರಡು ಹೆಸರಿದ್ದವು. ಎರಡನೆಯದು ತನುಜಾಳದು.

ಅವಳ ಮೇಲೆ ಯಾರೂ ಕೂಗಾಡಲಿಲ್ಲ. ಬಿಳೇಹಕ್ಲಿನಲ್ಲಿ ಕೂಗಾಡುವ ಪದ್ಧತಿ ಇಲ್ಲ. ಅವಳ ಅಪ್ಪ ಉದಯನನ್ನು ಕರೆದು ಕೂರಿಸಿದರು. ನಿನ್ನ ಮಗಳು, ನಮ್ಮ ಮಗಳೇ, ಹುಡುಗಾಟಿಕೆ ಮಾಡಿದೆ, ನಾವು ಹೇಳಿದರೆ ತಪ್ಪಾಗುತ್ತದೆ, ಚೌಡಮ್ಮನನ್ನೇ ಕೇಳೋಣ ಎಂದರು. ಉದಯ ನಾಲ್ಕು ಜನರ ಎದುರು ಇಲ್ಲ ಎಂದು ಹೇಳಿ ಗೊತ್ತಿರದ ಮನುಷ್ಯ. ಪ್ರಸಾದ ಹೇಗಾಗುತ್ತದೋ ಹಾಗೆ ಎಂದು ಮಾತು ಕೊಟ್ಟು ಬಂದ. ಮನೆಗೆ ಬಂದು ಮಗಳ ಮುಖ ನೋಡಲಾರದೆ ಬೈಕು ಒರೆಸುತ್ತಾ ನಿಂತ. ಒರೆಸಿದ್ದನ್ನೇ ಒರೆಸಿದ.

ತಾನು ಹಿಂದೆ ತಗೊಳ್ಳುವುದಿಲ್ಲ ಎಂದಳು ತನುಜಾ. ಹಾಗಾದರೆ ತಾನಿನ್ನು ಬನದ ಕಡೆ ಹೋಗುವ ಹಾಗಿಲ್ಲ ಎಂದ ಅಪ್ಪ. ಇಬ್ಬರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಒರಳಿನಲ್ಲಿ ಅಕ್ಕಿ ರುಬ್ಬುತ್ತಿದ್ದಳು. ಹುಣ್ಣಿಮೆಗೆ ನಾಲ್ಕೇ ದಿನ ಉಳಿದಿತ್ತು. ಈ ಸಲ ಬಣ್ಣ ಗಟ್ಟಿ ಬೇಕು ಎಂದಳು, ಅಷ್ಟೇ.

ನಾಮಪತ್ರ ಹಿಂತೆಗೆಯಲು ಕಡೆಯ ದಿನ ಮಧ್ಯಾಹ್ನ ಮೂರರವರೆಗೆ ಸಮಯ. ಹನ್ನೆರಡೂವರೆಗೆ ಊರು ಬನದಲ್ಲಿ ಸೇರಿತು. ಪಂಚಾಯ್ತಿ ಕಚೇರಿಗೆ ಇಪ್ಪತ್ತು ನಿಮಿಷದ ದಾರಿ. ಬೈಕನ್ನು ಮುಖ ತಿರುಗಿಸಿ ನಿಲ್ಲಿಸಿದ್ದರು. ಹಿಂತೆಗೆಯುವ ಅರ್ಜಿಯನ್ನು ಕೆರಿಯಪ್ಪ ತುಂಬಿಸಿಕೊಂಡೇ ಬಂದಿದ್ದ, ಸಹಿ ಒಂದು ಬಾಕಿ. ಯಾವ ಮನೆಯ ಪ್ರಶ್ನೆಯೋ ಆ ಮನೆಯ ಹಿರಿಯರೇ ಎಸಳು ಅಂಟಿಸಬೇಕು ಎಂಬುದು ಬನದ ಕಟ್ಟಳೆ. ಇಷ್ಟು ವರ್ಷ ಕೆರಿಯಪ್ಪನ ಮನೆಯವರೇ ಅಂಟಿಸಿದ್ದು ಅದಕ್ಕೇ. ಈ ಸಲ ತಿಮ್ಮಜ್ಜಿ ಎದ್ದಳು. ಬುಟ್ಟಿ ಬರೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು. ಸೀರೆಯ ಮೇಲೆ ಕೆಮ್ಮಣ್ಣಿನ ಕಲೆ ಇತ್ತು. ಕಲ್ಲಿನ ಎರಡೂ ಬದಿಗೆ ಎಸಳಿಟ್ಟು, ಒಂದೊಂದನ್ನೂ ಮಗುವಿನ ಹಣೆಗೆ ಬೊಟ್ಟು ಇಡುವ ಹಾಗೆ ಒತ್ತಿ, ಬಂದು ಕೂತಳು.

"ತನುಜಾ ಹಿಂದೆ ತಗೋಬೇಕು ಅನ್ನೋದಾದ್ರೆ ಬಲಕ್ಕೆ ಕೊಡು ತಾಯೀ," ಎಂದ ಕೆರಿಯಪ್ಪ.

ಎಲ್ಲರೂ ಕಲ್ಲನ್ನು ನೋಡಿದರು. ಎಸಳು ಬೀಳಲಿಲ್ಲ.

ಒಂದೂವರೆಯಾಯಿತು. ತನುಜಾ ಬಲಬದಿಯ ಎಸಳನ್ನೇ ನೋಡುತ್ತಿದ್ದಳು. ಬಿದ್ದರೆ ಏನು ಮಾಡುವುದು ಎಂದು ಅವಳು ನಿರ್ಧರಿಸಿಯಾಗಿತ್ತು. ಎದ್ದು ನಿಂತು, ಆಗುವುದಿಲ್ಲ ಎನ್ನುವುದು. ಆಮೇಲೆ ಅಪ್ಪನ ತಲೆ ತಗ್ಗುವುದನ್ನು ನೋಡುವುದು. ಮೊದಲನೆಯದಕ್ಕೆ ಅವಳಿಗೆ ಭಯವಿರಲಿಲ್ಲ, ಎರಡನೆಯದಕ್ಕೆ ಇತ್ತು. ಗಾಳಿ ಬೀಸಿದಾಗೆಲ್ಲ ಕಣ್ಣು ಮುಚ್ಚುತ್ತಿದ್ದಳು. ಕತೆಯಲ್ಲಿ ಅಜ್ಜಿಗೆ ಅಡ್ಡ ಬಂದದ್ದು ಕಾಡುಕೋಣ. ತನಗೆ ಒಂದು ಎಸಳು.

ಎರಡು ಗಂಟೆಗೆ ಕೆರಿಯಪ್ಪ ಅರ್ಜಿಯನ್ನು ಅವಳ ತೊಡೆಯ ಮೇಲಿಟ್ಟ. "ಸಹಿ ಮಾಡಿ ಇಡು ಮಗಾ. ಬಿದ್ದ ಕೂಡ್ಲೇ ಹೊರಡಾಕೆ ಆಗ್ತದೆ."

"ಬೀಳ್ಲಿ ಮಾವ. ಬೀಳೋಕೆ ಮುಂಚೆ ಸಹಿ ಹಾಕಿದ್ರೆ ಚೌಡಮ್ಮನ್ನ ಯಾಕೆ ಕೇಳಿದ್ದು?"

ಹೆಂಗಸರ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಎರಡೂವರೆಗೆ ಹೊಳೆಯಾಚೆಯಿಂದ ವೆಂಕಟ್ರಮಣನ ಫೋನು ಬಂತು. ಕೆರಿಯಪ್ಪ ತೆಗೆಯಲಿಲ್ಲ. ಇನ್ನೊಮ್ಮೆ ಹೊಸ ಎಸಳು ಹಚ್ಚಿ ಕೇಳೋಣವೇ ಎಂದು ಮೆಲ್ಲಗೆ ಮಾತು ತೆಗೆದ. ಆಗ ತಿಮ್ಮಜ್ಜಿ ಬಾಯಿಬಿಟ್ಟಳು.

"ಹಚ್ಚಿದ ಎಸಳು ಬೀಳದೆ ಇನ್ನೊಂದು ಹಚ್ಚಬಾರ್ದು, ಯಾರೂ ಏಳಬಾರ್ದು. ಹಿಂದೊಂದ್ಸಲ ನಿನ್ನ ಹೆಸರಿಗೆ ಒಂದು ತಾಸು ತಡವಾದಾಗ ಎದ್ದು ನಿಂತ ಬೈರನಿಗೆ ನೀನೇ ಹೇಳಿದ್ದು ಕೆರಿಯಪ್ಪ. ಅವನಿಗೆ ತಪ್ಪುಕಾಣಿಕೆ ಹಾಕಿಸಿದ್ದೂ ನೀನೇ."

ಬೈರ ಹಿಂದಿನ ಸಾಲಿನಲ್ಲೇ ಇದ್ದ. ಹೌದೆಂದು ತಲೆಯಾಡಿಸಿದ.

ಊರಿಗೆ ಊರೇ ಕಾಲು ಜೋಮು ಹಿಡಿಸಿಕೊಂಡು ಕೂತಿತ್ತು. ಬೈಕಿನ ಮೇಲೆ ಎರಡು ತರಗೆಲೆ ಬಿದ್ದವು, ಮರದಿಂದ ಒಂದು ಕಡ್ಡಿ ಬಿತ್ತು, ಒಂದು ಇರುವೆ ಬಲಬದಿಯ ಎಸಳಿನ ಮೇಲೆ ಹತ್ತಿ ಸುತ್ತು ಹಾಕಿ ಇಳಿದು ಹೋಯಿತು. ಎರಡು ಐವತ್ತು. ಮೂರು. ಮೂರೂ ಐದು.

ಹಿಂತೆಗೆಯುವ ಹೊತ್ತು ಮೀರಿತ್ತು, ಕೇಳಿದ ಪ್ರಶ್ನೆಯೇ ಉಳಿದಿರಲಿಲ್ಲ. ಉದಯ ಮೊದಲು ಎದ್ದ. ಅವನು ಹೀಗೆ ಎಲ್ಲರಿಗಿಂತ ಮೊದಲು ಎದ್ದದ್ದನ್ನು ಊರು ನೋಡಿರಲಿಲ್ಲ.

"ನಾನ್ ಮಾತು ಕೊಟ್ಟಿದ್ದು ಪ್ರಸಾದಕ್ಕೆ," ಎಂದ. "ಪ್ರಸಾದ ಆಗ್ಲಿಲ್ಲ. ನನ್ ಮಾತು ನನ್ ಹತ್ರನೇ ಐತೆ." ಬೈಕಿನ ಮೇಲಿನ ಎಲೆ ಕೊಡವಿದ. "ಹತ್ತೇ ಕೂಸೆ. ಚಿಹ್ನೆ ಕೊಡೋದೂ ಇವತ್ತೇ ಅಲ್ದಾ?"

ಒಪ್ಪಿಕೊಂಡ ಮಾತು ಹೀಗೆ ಮುರಿದರೆ ಈ ಊರಿನ ಒಮ್ಮತದ ಗತಿಯೇನು ಎಂದು ಕೆರಿಯಪ್ಪ ಕೇಳಿದ. ತನುಜಾ ಅರ್ಜಿಯನ್ನು ಮಡಿಸಿ ಅವನ ಕೈಗೆ ಕೊಟ್ಟಳು.

"ಒಮ್ಮತ ಇದ್ರೆ ವೋಟಿನಲ್ಲೂ ಕಾಣ್ತದೆ ಮಾವ. ನೂರನಲವತ್ತು ಜನ ಹೊಳೆ ದಾಟಿ ಹೋಗಿ ಹಾಕಿ ಬರಾಣ. ನಂಗೆ ಹಾಕದಿದ್ರೂ ಅಡ್ಡಿಲ್ಲ. ಈ ಸಲ ಮತದಾನ ನಡೆದಿಲ್ಲ ಅಂತ ಬರೆಸ್ಕಳಾದು ಬೇಡ."

ಅಜ್ಜಿಯ ಕಾಲಿಗೆ ಬಗ್ಗಿದಾಗ ಅವಳಿಗೆ ಕಂಡಿತು. ಅಜ್ಜಿಯ ಬಲಗೈಯ ಮೂರು ಬೆರಳ ತುದಿ ಬೆಳ್ಳಗಿತ್ತು. ಗಟ್ಟಿಯಾಗಿ ರುಬ್ಬಿದ ಅಕ್ಕಿಹಿಟ್ಟು ಅಂಟಿನ ಹಾಗೆ ಒಣಗಿ ಬಿರಿದಿತ್ತು. ತನುಜಾ ಕಲ್ಲನ್ನು ನೋಡಿದಳು, ಬೆರಳನ್ನು ನೋಡಿದಳು. ಅಜ್ಜಿ ಮೆಲ್ಲಗೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಎಂತ ನೋಡ್ತೆ? ಬುಟ್ಟಿ ಬರೀತಿದ್ನಲ್ಲ, ತೊಳ್ಯಾಕೆ ಮರ್ತೋಯ್ತು," ಎಂದಳು. ಆಮೇಲೆ ಕಲ್ಲಿನ ಕಡೆ ತಿರುಗಿ ಎರಡೂ ಕೆನ್ನೆ ಬಡಿದುಕೊಂಡಳು. ತಪ್ಪಾಯಿತು ಎಂದಳೋ, ಬದುಕಿಸಿದೆ ಎಂದಳೋ, ಚೌಡಿಗೇ ಗೊತ್ತು.

ಪಂಚಾಯ್ತಿ ಕಚೇರಿಯಲ್ಲಿ ಚಿಹ್ನೆಗಳ ಪಟ್ಟಿಯನ್ನು ತನುಜಾ ಎರಡು ಸಲ ಹುಡುಕಿದಳು. ಏಣಿ ಉಳಿದಿರಲಿಲ್ಲ. ವೆಂಕಟ್ರಮಣ ನಾಮಪತ್ರದಲ್ಲೇ ಕೇಳಿದ್ದನಂತೆ, ಅದನ್ನು ಪಟ್ಟಿಯಿಂದ ಹೊಡೆದಿದ್ದರು. ಅಂಗಳಕ್ಕೆ ಬಂದು ಮನೆಗೆ ಫೋನು ಮಾಡಿದಳು. ಅಜ್ಜಿ ಬುಟ್ಟಿಯ ಮುಂದೆಯೇ ಇದ್ದಳು. ಎಂಟನೇ ಮನೆಯ ಗೆರೆ ಎಳೆದಾಗಿದೆ, ಒಳಗೆ ಬರೆಯುವುದೇನೆಂದು ಬೇಗ ಹೇಳು, ಬಣ್ಣ ಒಣಗುತ್ತದೆ ಎಂದಳು. ತನುಜಾ ಉಳಿದಿದ್ದನ್ನು ಓದಿ ಹೇಳಿದಳು: ಟಾರ್ಚು, ಬೀಗ, ಶಿಳ್ಳೆ, ಹೊಲಿಗೆ ಯಂತ್ರ.

"ಶಿಳ್ಳೆ ಹಗುರ," ಎಂದಳು ಅಜ್ಜಿ. "ಮೇಲಿನಸರದಲ್ಲಿ ನಾನೂರು ವೋಟು. ಆ ಏರಿನಲ್ಲಿ ಹೊತ್ಕಂಡು ತಿರುಗಬೇಕಲ್ಲ."

ತನುಜಾ ಹೊಳೆಯಾಚೆಯ ಏರನ್ನು ನೆನೆದಳು. ಮನೆಯ ಮೂಲೆಯಲ್ಲಿರುವ ಅಮ್ಮನ ಹೊಲಿಗೆ ಮಿಷನ್ನನ್ನೂ ನೆನೆದಳು. ಬೀಡುಕಬ್ಬಿಣದ ಕಾಲು, ಬೀಡುಕಬ್ಬಿಣದ ಚಕ್ರ. ಇಬ್ಬರು ಹಿಡಿದರೆ ಏಳುವಂಥದ್ದು.

"ಹೊಲಿಗೆ ಮಿಷನ್ ತಗೋತೆ ಅಜ್ಜಿ."

"ಭಾರ ಆಗ್ತದಲ್ಲೇ."

"ಆಗ್ಲಿ. ದೂರದಿಂದ್ಲೂ ಕಾಣ್ತದೆ," ಎಂದು ಒಳಗೆ ಹೋಗಿ, ತನ್ನ ಹೆಸರಿನ ಎದುರಿನ ಖಾಲಿ ಚೌಕದಲ್ಲಿ ಬರೆದಳು.